ಬಿದ್ದ ಹಲ್ಲು, ಊದಿದ ಗಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಹಲ್ಲಿನ ವಿಷಯದಲ್ಲಿ ನಮ್ಮ ಕಡೆ ಒಂದು ರೂಢಿ ಇದೆ. ತಡಕೊಳ್ಳುವಷ್ಟು ದಿನ ತಡಕೊಳ್ಳುವುದು, ಆಮೇಲೆ ದವಾಖಾನೆಯ ಮಾತು. ಖಡಕ್ ರೊಟ್ಟಿ ಕಡಿಯುವಾಗ ಹಲ್ಲಿನ ಮೂಲೆ ಮುರಿಯಿತು, ತುಂಬಿಸಿದ್ದ ಸಿಮೆಂಟ್ ಎದ್ದು ಬಂತು ಅಂದರೆ ನಾಳೆ ಹೋದರೂ ನಡೆಯುತ್ತದೆ. ಕೆಲವಕ್ಕೆ ಮಾತ್ರ ಅರ್ಧ ಗಂಟೆಯೂ ಜಾಸ್ತಿ. ಇವತ್ತಿನ ಮಾತು ಅವುಗಳದ್ದೇ.

ಶಾಲೆಯ ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಚೆಂಡು ಬಾಯಿಗೆ ಬಡಿದು, ಮುಂದಿನ ಹಲ್ಲು ಬೇರು ಸಮೇತ ಕಿತ್ತು ಬೀಳುತ್ತದೆ. ಹುಡುಗನಿಗೆ ಪ್ರಜ್ಞೆ ತಪ್ಪಿದರೆ, ವಾಂತಿಯಾದರೆ ಅದು ತಲೆಯ ಪೆಟ್ಟಿರಬಹುದು. ಹಲ್ಲು ಬಿಟ್ಟು ಮೊದಲು ಆಸ್ಪತ್ರೆಗೆ ಓಡಿ. ಹಾಗಿಲ್ಲದಿದ್ದರೆ ಮಣ್ಣಿನಲ್ಲಿ ಬಿದ್ದ ಆ ಹಲ್ಲನ್ನು ಹುಡುಕಿ. ಸಿಕ್ಕಾಗ ಬೇರು ಮುಟ್ಟಬೇಡಿ, ಬಾಯಲ್ಲಿ ಹೊರಗೆ ಕಾಣುವ ಬಿಳಿ ಭಾಗವನ್ನೇ ಹಿಡಿಯಿರಿ. ಬೇರಿನ ಮೇಲೆ ತೆಳುವಾದ ಜೀವಂತ ಪೊರೆ ಇರುತ್ತದೆ. ಹಲ್ಲನ್ನು ಎಲುಬಿಗೆ ಹಿಡಿದಿಡುವುದು ಅದೇ. ಮಣ್ಣು ಹತ್ತಿದೆ ಅಂತ ಉಜ್ಜಿದರೆ, ಟವೆಲ್ಲಿನ ತುದಿಯಿಂದ ಒರೆಸಿದರೆ ಆ ಪೊರೆ ಹೋಯಿತು. ತಣ್ಣೀರಲ್ಲಿ ಹತ್ತು ಸೆಕೆಂಡು ತೊಳೆಯಿರಿ, ಸಾಕು. ಹಿಂದುಮುಂದು ನೋಡಿಕೊಂಡು, ಅದೇ ಜಾಗದಲ್ಲಿ ಮೆಲ್ಲಗೆ ಕೂಡಿಸಿ. ಮೇಲೆ ಶುದ್ಧ ಕರವಸ್ತ್ರ ಇಟ್ಟು ಕಚ್ಚಿ ಹಿಡಿಯಲು ಹೇಳಿ.

ಕೂಡಿಸಲು ಕೈ ನಡುಗುತ್ತದೆ, ಸಹಜ. ಆಗ ಹಾಲು ಬೇಕು. ನಮ್ಮಲ್ಲಿ ಚಹಾದಂಗಡಿ ಇಲ್ಲದ ಊರಿಲ್ಲ. ಒಂದು ಲೋಟ ತಣ್ಣನೆಯ ಹಾಲು ಕೇಳಿ ಅದರಲ್ಲಿ ಹಲ್ಲು ಮುಳುಗಿಸಿ. ಕಾಸಿ ಆರಿಸಿದ್ದಾದರೂ ಸರಿ, ಪಾಕೀಟಿನದಾದರೂ ಸರಿ. ಬಿಸಿ ಹಾಲು ಬೇಡ, ಮಜ್ಜಿಗೆ ಬೇಡ. ನೀರಲ್ಲಿ ಇಟ್ಟುಕೊಂಡು ಹೋಗುವುದೂ ಬೇಡ. ನೀರಲ್ಲಿ ಹೆಚ್ಚು ಹೊತ್ತು ಇದ್ದರೆ ಪೊರೆಯ ಜೀವಕೋಶಗಳು ಉಬ್ಬಿ ಒಡೆಯುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವುದು. ನಮ್ಮ ಬಿಸಿಲಿಗೆ ಅದು ಒಣಗಲು ಎಷ್ಟು ಹೊತ್ತು ಬೇಕು ಹೇಳಿ?

ಅರ್ಧ ಗಂಟೆಯೊಳಗೆ ಹಲ್ಲು ತನ್ನ ಜಾಗಕ್ಕೆ ಮರಳಿದರೆ ಬಹಳ ಒಳ್ಳೆಯದು. ಒಣಗಿಯೇ ಒಂದು ಗಂಟೆ ದಾಟಿತೆಂದರೆ ಪೊರೆ ಸತ್ತಂತೆಯೇ, ಆದರೂ ಹಲ್ಲು ಬಿಸಾಡದೆ ತನ್ನಿ. ಆಳಂದದಿಂದ ಕಲಬುರಗಿ ಸುಮಾರು 40 ಕಿಲೋಮೀಟರ್. ಬಸ್ಸು ಸ್ಟ್ಯಾಂಡ್ ಬಿಡುವುದರೊಳಗೇ ಅರ್ಧ ಗಂಟೆ ಮುಗಿದಿರುತ್ತದೆ, ಅಲ್ವಾ? ಕಲಬುರಗಿ, ಬೀದರ್‌ನಲ್ಲಿ ದಂತ ಕಾಲೇಜುಗಳಿವೆ ನಿಜ. ಆದರೆ ಆ ಹಲ್ಲು ಉಳಿಯುವುದು ಮೈದಾನದಲ್ಲಿ ನಿಂತ ಮಾಸ್ತರರ ಕೈಯಲ್ಲಿ, ಹಾಲು ಕೊಟ್ಟ ಚಹಾದಂಗಡಿ ಕಾಕಾನ ಕೈಯಲ್ಲಿ. ಮಣ್ಣಿನಲ್ಲಿ ಬಿದ್ದ ಹಲ್ಲಾದ್ದರಿಂದ ಧನುರ್ವಾಯು ತಡೆಯುವ ಇಂಜೆಕ್ಷನ್ ಬೇಕೇ ಅಂತ ಡಾಕ್ಟರನ್ನು ಕೇಳಿ.

ಸಣ್ಣ ಮಕ್ಕಳ ಹಾಲುಹಲ್ಲು ಬಿದ್ದರೆ ಮಾತ್ರ ವಾಪಸ್ ಕೂಡಿಸಬೇಡಿ. ಕೆಳಗೆ ಬೆಳೆಯುತ್ತಿರುವ ಕಾಯಂ ಹಲ್ಲಿಗೆ ಪೆಟ್ಟಾಗುತ್ತದೆ.

ಇನ್ನು ಬಾವಿನ ಮಾತು. ನನಗೆ ಜಾಸ್ತಿ ಹೆದರಿಕೆ ಇದರದ್ದೇ. ಕೆಳದವಡೆಯ ಹುಳುಕು ಹಲ್ಲು ತಿಂಗಳುಗಟ್ಟಲೆ ನೋಯುತ್ತದೆ, ಒಂದು ದಿನ ಸುಮ್ಮನಾಗುತ್ತದೆ. ನೋವು ಹೋಯಿತು ಅಂತ ಖುಷಿಪಡುತ್ತೇವೆ. ಹೋಗಿದ್ದು ಹಲ್ಲಿನೊಳಗಿನ ನರದ ಜೀವ, ಕೀವು ಮಾತ್ರ ಕೆಳಗಿಳಿಯುತ್ತಿರುತ್ತದೆ. ಗಲ್ಲ ಊದಿ ಜ್ವರ ಬಂದರೆ ಅದೇ ದಿನ ತೋರಿಸಿ. ಬಾವು ಗದ್ದದ ಕೆಳಗಿಳಿದು, ನಾಲಿಗೆ ಮೇಲೆದ್ದು, ಉಗುಳು ನುಂಗಲಾಗದೆ ಸುರಿಯುತ್ತಿದ್ದರೆ, ದನಿ ಬದಲಾಗಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಹಲ್ಲಿನ ಕ್ಲಿನಿಕ್ಕಿಗೂ ಹೋಗಬೇಡಿ. ನೇರವಾಗಿ ದೊಡ್ಡಾಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ, ರಾತ್ರಿ ಎರಡಾದರೂ ಸರಿ. ಊತ ಕಣ್ಣು ಮುಚ್ಚುವಷ್ಟು ಏರಿದರೂ ಅಷ್ಟೇ ಅವಸರ. ಶುಗರ್ ಇರುವವರಲ್ಲಿ ಇದು ಇನ್ನೂ ಬೇಗ ಹರಡುತ್ತದೆ.

ಅಜ್ಜಿ ಪ್ರೀತಿಯಿಂದಲೇ ಬಿಸಿ ಬಟ್ಟೆ ತಂದು ಗಲ್ಲಕ್ಕೆ ಶಾಖ ಕೊಡಲು ಕೂಡುತ್ತಾರೆ. ಬೇಡ ಅನ್ನಿ. ತಂಬಾಕಿನ ಪುಡಿ ಒತ್ತುವುದು, ಆಸ್ಪಿರಿನ್ ಗುಳಿಗೆಯನ್ನು ವಸಡಿನ ಮೇಲಿಡುವುದು ಎರಡೂ ಕೆಟ್ಟವು. ಗುಳಿಗೆ ವಸಡನ್ನು ಸುಟ್ಟು ಬೆಳ್ಳಗೆ ಮಾಡುತ್ತದೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಎರಡು ನುಂಗಿದರೆ ಕೀವು ಖಾಲಿಯಾಗುವುದಿಲ್ಲ.

ಹಲ್ಲು ಕೀಳಿಸಿಕೊಂಡ ರಾತ್ರಿ ರಕ್ತ ನಿಲ್ಲದಿದ್ದರೆ ಪದೇ ಪದೇ ಉಗುಳಬೇಡಿ, ಮುಕ್ಕಳಿಸಬೇಡಿ. ಶುದ್ಧ ಬಟ್ಟೆ ಮಡಚಿ ಆ ಜಾಗದಲ್ಲಿಟ್ಟು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ. ನಡುವೆ ತೆಗೆದು ನೋಡುವಂತಿಲ್ಲ. ಆಮೇಲೂ ಸುರಿಯುತ್ತಿದ್ದರೆ, ಅಥವಾ ರಕ್ತ ತೆಳುವಾಗಲು ಗುಳಿಗೆ ತಗೊಳ್ಳುವವರಾದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಕೊನೆಯದು ಹಲ್ಲಿನದ್ದೇ ಅಲ್ಲದ ನೋವು. ಮೆಟ್ಟಿಲು ಹತ್ತಿದಾಗ ಅಥವಾ ಹೊಲದಲ್ಲಿ ಕೆಲಸ ಮಾಡುವಾಗ ದವಡೆ ನೋಯಲು ಶುರುವಾಗಿ, ಬೆವರು ಬಂದು, ಎದೆ ಬಿಗಿದಂತಾದರೆ ಅದು ಹೃದಯದ ನೋವಿರಬಹುದು. ಅಂಥವರನ್ನು ಹಲ್ಲಿನ ಡಾಕ್ಟರ ಬಳಿ ಕರೆತರಬೇಡಿ. ಕೂಡಿಸಿ, 108ಕ್ಕೆ ಫೋನ್ ಮಾಡಿ.

ನಮಸ್ಕಾರ.