ಸೈಕಲ್ ತುಳಿಯುವಾಗ ಕೈ ಮರಗಟ್ಟುತ್ತದೆಯೇ? ಮೊದಲು ಬೆರಳು ನೋಡಿ, ಆಮೇಲೆ ಸೀಟು

[ದೃಶ್ಯ: ಹ್ಯಾಂಡಲ್ ಬಿಟ್ಟು ಗಾಳಿಯಲ್ಲಿ ಕೊಡವುತ್ತಿರುವ ಬಲಗೈ]

ನಮಸ್ಕಾರ. ಸೈಕಲ್ ಹತ್ತಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆದ ಮೇಲೆ ಅಂಗೈಯಲ್ಲಿ ಇರುವೆ ಹರಿದಂತಾಗಿ, ಬೆರಳುಗಳು ಒಂದೊಂದಾಗಿ ಮರಗಟ್ಟಿ, ಬ್ರೇಕ್ ಲಿವರ್ ಮೇಲೆ ಬೆರಳು ಇದೆಯೋ ಇಲ್ಲವೋ ಎಂಬುದೇ ತಿಳಿಯದಂತಾಗುವ ಅನುಭವ ದೂರ ಹೋಗುವ ಅನೇಕರಿಗೆ ಆಗಿರುತ್ತದೆ. ಕೈ ಕೊಡವಿದರೆ ಜೋಮು ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿಯುತ್ತದೆ. ತೊಂದರೆ ಕೈಯಲ್ಲಿ ಕಾಣಿಸುವುದರಿಂದ ಪರಿಹಾರವನ್ನೂ ನಾವು ಕೈಯಲ್ಲೇ ಹುಡುಕುತ್ತೇವೆ. ನಾನೂ ಹಾಗೆಯೇ ಮಾಡಿದೆ. ಒಂದಕ್ಕಿಂತ ಒಂದು ದಪ್ಪನೆಯ ಮೂರು ಜೊತೆ ಗ್ಲೌಸ್ ಕೊಂಡೆ. ಮೂರನೆಯದನ್ನು ಹಾಕಿಕೊಂಡ ಮೇಲೆ ಜೋಮು ಮೊದಲಿಗಿಂತ ಬೇಗ ಬರತೊಡಗಿತು. ಕಾರಣ ಕೊನೆಗೆ ಸಿಕ್ಕಿದ್ದು ಕೈಯಿಂದ ಎರಡು ಅಡಿ ಹಿಂದೆ, ಸೀಟಿನ ಮೂತಿಯಲ್ಲಿ.

ಸೀಟಿನ ವಿಷಯಕ್ಕೆ ಹೋಗುವ ಮುನ್ನ ಯಾವ ಬೆರಳು ಮರಗಟ್ಟುತ್ತದೆ ಎಂಬುದನ್ನು ಗಮನಿಸಬೇಕು. ಕೈ ಜೋಮು ಹಿಡಿಯಿತು ಎನ್ನುವುದು ಸುಲಭ, ಯಾವ ಬೆರಳು ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಆದರೆ ಅರ್ಧ ಉತ್ತರ ಇರುವುದು ಅಲ್ಲಿಯೇ.

[ದೃಶ್ಯ: ಅಂಗೈ ಹತ್ತಿರದಿಂದ, ಮಣಿಕಟ್ಟಿನ ಮಡಿಕೆಯ ಬಳಿ ಒತ್ತುತ್ತಿರುವ ಬೆರಳು]

ನಿಮ್ಮ ಅಂಗೈಯ ಬುಡದಲ್ಲಿ, ಕಿರುಬೆರಳಿನ ನೇರಕ್ಕೆ, ಮಣಿಕಟ್ಟಿನ ಮಡಿಕೆಗೆ ತಾಗಿದಂತೆ ಇನ್ನೊಂದು ಕೈಯ ಬೆರಳಿನಿಂದ ಒತ್ತಿ ನೋಡಿ. ಬಟಾಣಿ ಕಾಳಿನಂಥ ಒಂದು ಪುಟ್ಟ ಮೂಳೆ ಕೈಗೆ ಸಿಗುತ್ತದೆ. ಅದರ ಪಕ್ಕದ ಇಕ್ಕಟ್ಟಿನಲ್ಲಿ ಅಲ್ನಾರ್ ನರ ಹಾದು ಅಂಗೈಗೆ ಇಳಿಯುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಫೆಲಿಕ್ಸ್ ಗುಯೋನ್ 1861ರಲ್ಲಿ ಈ ದಾರಿಯನ್ನು ವಿವರಿಸಿದ್ದರಿಂದ ವೈದ್ಯರು ಇದನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಇಲ್ಲಿ ನರದ ಮೇಲಿನ ಹೊದಿಕೆ ತೆಳುವಾದ್ದರಿಂದ, ದೇಹದ ಭಾರವನ್ನು ಅಂಗೈಯ ಬುಡದ ಮೇಲೆ ಹೊತ್ತು ಹ್ಯಾಂಡಲ್ ಒತ್ತಿದಾಗ ಆ ಒತ್ತಡ ನೇರವಾಗಿ ನರಕ್ಕೇ ತಟ್ಟುತ್ತದೆ. ಆಗ ಕಿರುಬೆರಳು ಮತ್ತು ಉಂಗುರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಅರ್ಧ ಮರಗಟ್ಟುತ್ತವೆ. ಈ ನರವು ಅಲ್ಲಿಯೇ ಎರಡು ಕವಲಾಗುತ್ತದೆ: ಒಂದು ಸ್ಪರ್ಶಕ್ಕೆ, ಇನ್ನೊಂದು ಅಂಗೈಯ ಒಳಗಿನ ಸಣ್ಣ ಸ್ನಾಯುಗಳಿಗೆ. ಒತ್ತಡ ಎರಡನೆಯ ಕವಲಿಗೆ ಮಾತ್ರ ಬಿದ್ದರೆ ಜೋಮೇ ಇಲ್ಲದೆ ಕೈಯ ಬಲ ಕುಂದುತ್ತದೆ. ನೋವಿಲ್ಲ, ಜೋಮಿಲ್ಲ ಎಂದು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುವ ಅಪಾಯ ಇರುವುದು ಇಂಥವರಿಗೇ.

ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯುತ್ತಿದ್ದರೆ ಅದು ಮೀಡಿಯನ್ ನರದ ದೂರು. ಮಣಿಕಟ್ಟಿನ ನಡುವಿನ ಕಾರ್ಪಲ್ ಟನಲ್ ಎಂಬ ಸುರಂಗದಲ್ಲಿ ಬೆರಳುಗಳನ್ನು ಮಡಚುವ 9 ಸ್ನಾಯುರಜ್ಜುಗಳ ಜೊತೆ ಈ ನರವೂ ಒತ್ತಿಕೊಂಡು ಸಾಗುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದಷ್ಟೂ ಆ ಸುರಂಗದೊಳಗಿನ ಒತ್ತಡ ಏರುತ್ತದೆ. ಹಾಗಾಗಿ ಕಿರುಬೆರಳಿನವರು ಅಂಗೈ ಮೇಲಿನ ಭಾರವನ್ನೂ, ಹೆಬ್ಬೆರಳಿನವರು ಮಣಿಕಟ್ಟಿನ ಬಾಗನ್ನೂ ಮೊದಲು ಅನುಮಾನಿಸಬೇಕು. ಕತ್ತು ಎತ್ತಿ ರಸ್ತೆ ನೋಡಿದಾಗ ಭುಜದಿಂದ ಕೆಳಗೆ ಸೆಳೆತ ಬರುವವರ ಸಮಸ್ಯೆ ಕುತ್ತಿಗೆಯಲ್ಲಿರಬಹುದು. ಅದು ಹ್ಯಾಂಡಲ್ ತಿರುಗಿಸಿ ಸರಿಪಡಿಸುವಂಥದ್ದಲ್ಲ.

[ದೃಶ್ಯ: ಸೀಟಿನ ಮೇಲೆ ಪುಸ್ತಕ, ಅದರ ಮೇಲೆ ರಸಮಟ್ಟ]

ಈಗ ಸೀಟು. ಸೈಕಲನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸೀಟಿನ ಉದ್ದಕ್ಕೂ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನಿಟ್ಟು, ಅದರ ಮೇಲೆ ಗಾರೆಯವರು ಬಳಸುವ ರಸಮಟ್ಟವನ್ನಿಡಿ. ಗುಳ್ಳೆ ಹಿಂಭಾಗಕ್ಕೆ ಸರಿದಿದ್ದರೆ ಸೀಟಿನ ಮೂತಿ ಕೆಳಗೆ ಬಾಗಿದೆ ಎಂದರ್ಥ. ಕಣ್ಣಳತೆಗೆ ಸಿಗದ ಎರಡು ಮೂರು ಡಿಗ್ರಿ ಇಳಿಜಾರಿದ್ದರೂ ಸಾಕು, ಸೊಂಟ ಇಡೀ ದಾರಿ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಕೈಗಳು ಅದನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತವೆ. ಆ ತಳ್ಳಾಟವನ್ನೇ ನಾನು ಗ್ಲೌಸಿನಿಂದ ನಿಲ್ಲಿಸಲು ಹೊರಟಿದ್ದೆ. ಸೀಟಿನ ನೋವು ತಪ್ಪಲೆಂದು ಮೂತಿಯನ್ನು ಬೇಕೆಂದೇ ಬಗ್ಗಿಸಿದ್ದವನೂ ನಾನೇ. ಅಲೆನ್ ಕೀ ತೆಗೆದುಕೊಂಡು ಸೀಟನ್ನು ಮಟ್ಟಕ್ಕೆ ತರುವುದು ಐದು ನಿಮಿಷದ ಕೆಲಸ.

ಭಾರ ನಿಜವಾಗಿಯೂ ಕೈಯ ಮೇಲಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ವಾಹನಗಳಿಲ್ಲದ ಸಮತಟ್ಟು ದಾರಿಯಲ್ಲಿ ಹದವಾಗಿ ತುಳಿಯುತ್ತಾ, ಬೆರಳುಗಳು ಹ್ಯಾಂಡಲನ್ನು ಸುತ್ತಿಕೊಂಡಿರುವಂತೆಯೇ ಅಂಗೈಯನ್ನು ಮಾತ್ರ ಒಂದು ಕೂದಲೆಳೆಯಷ್ಟು ಮೇಲೆತ್ತಿ. ಮೈ ತಕ್ಷಣ ಮುಂದಕ್ಕೆ ಕುಸಿದರೆ ನಿಮ್ಮ ಕೈಗಳು ಕಂಬದ ಕೆಲಸ ಮಾಡುತ್ತಿವೆ. ಹೀಗಾಗುವವರು ಸೀಟನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ನೋಡಬಹುದು: ಬಗ್ಗಿ ನೆಲ ಮುಟ್ಟುವಾಗ ಸೊಂಟ ತಾನಾಗಿ ಹಿಂದೆ ಹೋಗಿ ತೂಕ ಸರಿದೂಗಿಸುವಂತೆ, ಇಲ್ಲಿಯೂ ಸೊಂಟ ಹಿಂದೆ ಸರಿದರೆ ಎದೆಯ ಭಾರ ಕಾಲಿನ ಮೇಲೆ ನಿಲ್ಲುತ್ತದೆ. ಸೀಟು ಹಿಂದೆ ಹೋದಷ್ಟೂ ಹ್ಯಾಂಡಲ್ ದೂರವಾಗುತ್ತದೆ ಮತ್ತು ಮಂಡಿಯ ಚಲನೆಯೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಜೋರಾಗಿ ತುಳಿಯುವಾಗ ಇಲ್ಲದ ಜೋಮು ಆರಾಮಾಗಿ ಹೋಗುವಾಗ ಬರುವುದೇಕೆ ಎಂದು ಕೆಲವರು ಕೇಳುತ್ತಾರೆ. ಪೆಡಲನ್ನು ಬಲವಾಗಿ ಒತ್ತಿದಾಗ ಅದರ ಎದುರು ಒತ್ತಡವೇ ಮೈಯನ್ನು ಎತ್ತಿ ಹಿಡಿಯುತ್ತದೆ. ಕಾಲು ಸಡಿಲವಾದಾಗ ಆ ಭಾರ ಕೈಗೆ ವರ್ಗವಾಗುತ್ತದೆ.

ಸೀಟು ಸರಿಯಾದ ಮೇಲೆ ಹ್ಯಾಂಡಲ್. ಅದು ತೀರಾ ದೂರ ಅಥವಾ ತೀರಾ ಕೆಳಗಿದ್ದರೆ ಮೊಣಕೈ ನೇರವಾಗಿ ಸೆಟೆದು, ರಸ್ತೆಯ ಪ್ರತಿ ಅದುರುವಿಕೆಯೂ ಮಣಿಕಟ್ಟಿಗೇ ಬಡಿಯುತ್ತದೆ. ಹ್ಯಾಂಡಲ್ಲಿನ ಎತ್ತರ ಹೆಚ್ಚಿಸಿ, ಇಲ್ಲವೇ ಅದನ್ನು ಹಿಡಿದಿರುವ ಸ್ಟೆಮ್ ಅನ್ನು 10 ಮಿಲಿಮೀಟರ್ ಗಿಡ್ಡದ್ದಕ್ಕೆ ಬದಲಿಸಿ ನೋಡಬಹುದು. ಬ್ರೇಕ್ ಲಿವರಿನ ಕೋನವನ್ನು ಮಾತ್ರ ಯಾರೂ ನೋಡುವುದಿಲ್ಲ. ನೇರ ಹ್ಯಾಂಡಲ್ಲಿನ ಸೈಕಲಿನಲ್ಲಿ ಕುಳಿತು, ಎಂದಿನಂತೆ ಎರಡು ಬೆರಳನ್ನು ಲಿವರಿನ ಮೇಲಿಟ್ಟು, ಪಕ್ಕದಿಂದ ಯಾರಾದರೂ ಫೋಟೊ ತೆಗೆಯಲಿ. ಮೊಣಕೈಯಿಂದ ಬೆರಳಿನ ಬುಡದವರೆಗೆ ಒಂದೇ ಗೆರೆ ಎಳೆಯುವಂತಿದ್ದರೆ ಸರಿ. ಲಿವರು ಅಡ್ಡಡ್ಡ ಮಲಗಿ, ಮಣಿಕಟ್ಟು ಹಿಂದಕ್ಕೆ ಮುರಿದಂತೆ ಕಂಡರೆ ಲಿವರನ್ನು ಸ್ವಲ್ಪ ಕೆಳಮುಖವಾಗಿ ತಿರುಗಿಸಬೇಕು. ಯಾವುದನ್ನೇ ಸಡಿಲಿಸುವ ಮೊದಲು ಹಳೆಯ ಜಾಗಕ್ಕೆ ಟೇಪಿನ ಗುರುತು ಹಾಕಿ, ಬಿಗಿಯುವಾಗ ಆ ಭಾಗದ ಮೇಲೆಯೇ ಮುದ್ರಿಸಿರುವ ಮಿತಿಯನ್ನು ಪಾಲಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರನ್ನೂ ಒಟ್ಟಿಗೆ ತಿರುಗಿಸಿದವರಿಗೆ ಗುಣವಾದದ್ದು ಯಾವುದರಿಂದ ಎಂದು ಎಂದೂ ತಿಳಿಯುವುದಿಲ್ಲ.

ಟಯರಿಗೆ ಕಲ್ಲಿನಂತೆ ಗಾಳಿ ತುಂಬುವ ಅಭ್ಯಾಸವಿದ್ದರೆ, ಕೈಗೆ ತಟ್ಟುವ ಅದುರುವಿಕೆ ತಗ್ಗಲು ಟಯರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ ಸ್ವಲ್ಪ ಇಳಿಸಿ ನೋಡಿ.

ಇನ್ನು ಗ್ಲೌಸ್. ಮೆತ್ತೆ ಅಂಗೈಯ ತಗ್ಗಿನ ನಡುವೆ ದಪ್ಪಗಿದ್ದರೆ ಅದು ರಕ್ಷಿಸಬೇಕಾದ ನರವನ್ನೇ ಒತ್ತಬಹುದು. ಅದೂ ಅಲ್ಲದೆ ದಪ್ಪ ಮೆತ್ತೆಯಿಂದ ಹಿಡಿಕೆಯ ಸುತ್ತಳತೆ ಹೆಚ್ಚಿ, ನಾವು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇವೆ. ನರದ ಎರಡೂ ಬದಿಗೆ ಮೆತ್ತೆಯಿದ್ದು ನಡುವೆ ಕಾಲುವೆಯಂತೆ ಖಾಲಿ ಬಿಟ್ಟಿರುವ ತೆಳು ಗ್ಲೌಸ್ ಮೇಲು. ನೇರ ಹ್ಯಾಂಡಲ್ಲಿಗೆ ಅಂಗೈ ಊರಲು ರೆಕ್ಕೆಯಂತೆ ಅಗಲವಾದ ಗ್ರಿಪ್‌ಗಳು ಸಿಗುತ್ತವೆ; ಗ್ಲೌಸಿಗಿಂತ ಅವು ಹೆಚ್ಚು ಉಪಕಾರಿ ಎಂಬುದು ನನ್ನ ಅಭಿಪ್ರಾಯ. ಏನೇ ಹಾಕಿಕೊಂಡರೂ ಮೊಣಕೈ ತುಸು ಬಾಗಿರಲಿ, ಕೆಲವು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಾಗಲಿ.

[ದೃಶ್ಯ: ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಗದದ ತುಂಡು]

ಇಳಿದು ಸ್ವಲ್ಪ ಹೊತ್ತಿನಲ್ಲಿ ಮಾಯವಾಗುವ ಜೋಮಿಗೆ ಇಷ್ಟು ಸಾಕು. ಮರುದಿನವೂ ಉಳಿದರೆ, ಅಂಗಿಯ ಗುಂಡಿ ಹಾಕುವುದು, ಬೀಗದ ಕೈ ತಿರುಗಿಸುವುದು ಕಷ್ಟವಾದರೆ, ತುಳಿಯುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಒಂದು ಕಾಗದ ಹಿಡಿದು, ಇನ್ನೊಬ್ಬರಿಂದ ಎಳೆಸಿ ನೋಡಿ. ಕಾಗದ ಉಳಿಸಿಕೊಳ್ಳಲು ಹೆಬ್ಬೆರಳಿನ ತುದಿಯ ಗೆಣ್ಣು ಮಡಚಿಕೊಳ್ಳುತ್ತಿದ್ದರೆ ಅಲ್ನಾರ್ ನರದ ಸ್ನಾಯು ಸೋತಿದೆ ಎಂಬ ಸೂಚನೆ ಅದು. ಮಧುಮೇಹ, ಥೈರಾಯ್ಡ್ ಕೊರತೆ, ಬಿ12 ಕೊರತೆ ಇರುವವರ ಜೋಮಿಗೆ ಸೈಕಲನ್ನಷ್ಟೇ ದೂರುವಂತಿಲ್ಲ. ಇದ್ದಕ್ಕಿದ್ದಂತೆ ಒಂದೇ ಬದಿಯ ಕೈ ಮರಗಟ್ಟಿ, ಜೊತೆಗೆ ಬಾಯಿ ವಾರೆಯಾದರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಉಳಿದಂತೆ ವೈದ್ಯರ ಬಳಿ ಹೋಗುವಾಗ ಕಾಗದದ ಮೇಲೆ ನಿಮ್ಮ ಅಂಗೈಯಿಟ್ಟು ಸುತ್ತ ಗೆರೆ ಎಳೆದು, ಮರಗಟ್ಟುವ ಭಾಗವನ್ನು ಪೆನ್ನಿನಿಂದ ತುಂಬಿಕೊಂಡು ಹೋಗಿ. ಉಂಗುರ ಬೆರಳಿನ ಯಾವ ಅರ್ಧಕ್ಕೆ ಶಾಯಿ ಬಿದ್ದಿದೆ ಎಂಬುದನ್ನು ಅವರು ಮೊದಲು ನೋಡುತ್ತಾರೆ.