ಕೆಟ್ಟ ಸುದ್ದಿ ಮೇಲಿನವರಿಗೆ ಯಾವಾಗ ತಲುಪುತ್ತದೆ?

ಎಲ್ಲರಿಗೂ ನಮಸ್ಕಾರ.

ಪ್ರಾಮಾಣಿಕತೆ ಮತ್ತು ಜನರನ್ನು ಮುಂದಿಟ್ಟುಕೊಂಡು ನಡೆಸುವ ನಾಯಕತ್ವ, ಈ ಎರಡರ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಇವನ್ನು ಎರಡು ಬೇರೆ ವಿಷಯ ಎಂದು ನೋಡುವುದು ನನಗೆ ಸರಿ ಕಾಣುವುದಿಲ್ಲ. ಒಬ್ಬರು ಲಂಚ ಮುಟ್ಟದೆ, ಸುಳ್ಳು ಲೆಕ್ಕ ಬರೆಯದೆ, ಹೊತ್ತಿಗೆ ಸರಿಯಾಗಿ ಬಂದು ಕೆಲಸ ಮಾಡಿ ಹೋಗಬಹುದು. ಅವರ ಕೈ ಶುದ್ಧ. ಆದರೆ ಅವರ ಕೈಕೆಳಗಿನವರು ಅವರ ಕೋಣೆಗೆ ಹೋಗುವ ಮುಂಚೆ ಹೊರಗೆ ನಿಂತು 'ಇವತ್ತು ಮೂಡ್ ಹೇಗಿದೆ?' ಎಂದು ವಿಚಾರಿಸುತ್ತಾರೆ. ಹೇಳಬೇಕಾದ್ದರಲ್ಲಿ ಅರ್ಧ ನುಂಗಿಕೊಂಡು ಹೊರಗೆ ಬರುತ್ತಾರೆ. ಅಂಥ ಕಡೆ ಮೇಲಿನವರ ಪ್ರಾಮಾಣಿಕತೆ ಅವರೊಬ್ಬರ ಬಳಿಯೇ ಉಳಿದುಬಿಡುತ್ತದೆ. ಕೆಳಗಿನವರು ದಿನವೂ ಸಣ್ಣ ಸಣ್ಣ ಸುಳ್ಳು ಹೇಳಿಕೊಂಡು ಬದುಕಬೇಕಾಗುತ್ತದೆ.

ಹಾಗಾಗಿ ಒಂದು ಸಂಸ್ಥೆ ಹೇಗಿದೆ ಎಂದು ತಿಳಿಯಲು ನಾನು ಕೇಳುವ ಪ್ರಶ್ನೆ ಒಂದೇ. ಇಲ್ಲಿ ಏನಾದರೂ ಎಡವಟ್ಟಾದರೆ ಅದು ಮೇಲಿನವರ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು? ಗಂಟೆಯೊಳಗೆ ಬೀಳುತ್ತದೋ, ತಿಂಗಳು ಕಳೆದ ಮೇಲೋ, ಪೇಪರಿನಲ್ಲಿ ಬಂದ ಮೇಲೋ? ಗೋಡೆಯ ಮೇಲೆ ಬರೆಸಿದ ಮೌಲ್ಯಗಳಿಗಿಂತ ಈ ಉತ್ತರವನ್ನು ನಾನು ಜಾಸ್ತಿ ನಂಬುತ್ತೇನೆ.

1977ರ ಮಾರ್ಚ್ 27. ಕ್ಯಾನರಿ ದ್ವೀಪಗಳ ಟೆನೆರಿಫ್ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾಗಿತ್ತು. ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ಸಂಜೆಯ ಹೊತ್ತಿಗೆ ದಟ್ಟ ಮಂಜು. ಕೆಎಲ್ಎಂ ಸಂಸ್ಥೆಯ ಜಂಬೋ ವಿಮಾನ ರನ್‌ವೇಯ ಒಂದು ತುದಿಯಲ್ಲಿ ಹೊರಡಲು ನಿಂತಿದೆ. ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು ಜಂಬೋ ಅದೇ ರನ್‌ವೇ ಮೇಲೆ ಎದುರಿನಿಂದ ಬರುತ್ತಿದೆ. ಇವರಿಗೆ ಅವರು ಕಾಣುತ್ತಿಲ್ಲ, ಅವರಿಗೆ ಇವರು ಕಾಣುತ್ತಿಲ್ಲ.

ಕೆಎಲ್ಎಂ ಕ್ಯಾಪ್ಟನ್ ಆ ಸಂಸ್ಥೆಯಲ್ಲಿ ಬಹಳ ದೊಡ್ಡ ಹೆಸರು. ಬೇರೆ ಪೈಲಟ್‌ಗಳಿಗೆ ಪಾಠ ಹೇಳಿಕೊಟ್ಟವರು. ಸಂಸ್ಥೆಯ ಜಾಹೀರಾತಿನಲ್ಲಿ ಅವರ ಫೋಟೋ ಇತ್ತು. ಸಿಬ್ಬಂದಿಯ ಕೆಲಸದ ಅವಧಿ ಮೀರಿಹೋಗುತ್ತದೆ ಎಂಬ ಒತ್ತಡವೂ ಅವರ ತಲೆಯಲ್ಲಿತ್ತು. ಅವರು ಎಂಜಿನ್ ವೇಗ ಹೆಚ್ಚಿಸಲು ಹೊರಟಾಗ ಸಹಪೈಲಟ್, ನಮಗಿನ್ನೂ ಅನುಮತಿ ಸಿಕ್ಕಿಲ್ಲ ಎಂದು ನೆನಪಿಸಿದರು. ಕ್ಯಾಪ್ಟನ್ ನಿಲ್ಲಿಸಿದರು. ಗೊತ್ತು, ಕೇಳು ಎಂದರು. ಸ್ವಲ್ಪ ಹೊತ್ತಿಗೆ, ಟೇಕಾಫ್ ಅನುಮತಿ ಇನ್ನೂ ಬರದಿದ್ದಾಗಲೇ, ಮತ್ತೆ ಹೊರಟರು. ಈ ಸಲ ಸಹಪೈಲಟ್ ಅಡ್ಡ ಬರಲಿಲ್ಲ. ಆಗ ಹಿಂದೆ ಕುಳಿತಿದ್ದ ಫ್ಲೈಟ್ ಎಂಜಿನಿಯರ್ ರೇಡಿಯೋದಲ್ಲಿ ಏನೋ ಕೇಳಿಸಿಕೊಂಡು, ಆ ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲ ಅಲ್ವಾ ಎಂಬ ಅರ್ಥದಲ್ಲಿ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಎಂಜಿನಿಯರ್ ಸುಮ್ಮನಾದರು. ಕೆಲವೇ ಸೆಕೆಂಡುಗಳಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದವು. 583 ಜನ ಸತ್ತರು.

ಈ ದುರಂತಕ್ಕೆ ಕಾರಣ ಒಂದೇ ಅಲ್ಲ. ಮಂಜು ಇತ್ತು, ರೇಡಿಯೋದಲ್ಲಿ ಎರಡು ಮಾತು ಒಂದರ ಮೇಲೊಂದು ಬಿದ್ದು ಕೇಳದಂತಾಗಿತ್ತು, ಟವರಿನ ಮಾತು ಸ್ಪಷ್ಟವಾಗಿರಲಿಲ್ಲ. ಆದರೆ ನನಗೆ ಮರೆಯಲಾಗದ್ದು ಆ ಎಂಜಿನಿಯರ್ ಅವರ ಪ್ರಶ್ನೆ. ಅಷ್ಟು ಜನರನ್ನು ಉಳಿಸಬಹುದಾಗಿದ್ದ ಮಾತು ಕಾಕ್‌ಪಿಟ್ ಒಳಗೆ ಬಂದಿತ್ತು, ಕಿವಿಗೂ ಬಿದ್ದಿತ್ತು. ಎರಡನೇ ಸಲ ಕೇಳುವ ಧೈರ್ಯ ಮಾತ್ರ ಅಲ್ಲಿ ಹುಟ್ಟಲಿಲ್ಲ. ಆ ಕ್ಯಾಪ್ಟನ್ ಕೆಟ್ಟವರಲ್ಲ, ಕೆಲಸ ಬಾರದವರಂತೂ ಅಲ್ಲವೇ ಅಲ್ಲ. ಅವರ ಅನುಭವ, ಅವರ ಹೆಸರು, ಅವರ ಬಗ್ಗೆ ಇದ್ದ ಗೌರವ, ಇವೇ ಬೇರೆಯವರ ಬಾಯಿ ಕಟ್ಟಿದವು. ಒಳ್ಳೆಯ ಹೆಸರಿರುವ ಹಿರಿಯರು ಇದನ್ನು ಯೋಚಿಸಲೇಬೇಕು. ನೀವು ಯಾರನ್ನೂ ಗದರಬೇಕಾಗಿಲ್ಲ. ನಿಮ್ಮ ಮೇಲಿರುವ ಗೌರವವೇ ಎದುರಿನವರನ್ನು ಸುಮ್ಮನಾಗಿಸಬಹುದು.

ವಿಮಾನಯಾನದ ಜನ ಇಂಥ ಅಪಘಾತಗಳಿಂದ ಪಾಠ ಕಲಿತರು. 1979ರಲ್ಲಿ ನಾಸಾ ಇದಕ್ಕಾಗಿಯೇ ಒಂದು ಕಾರ್ಯಾಗಾರ ನಡೆಸಿತು. ಆಮೇಲೆ ಒಂದೊಂದೇ ಏರ್‌ಲೈನ್ಸ್ ಹೊಸ ತರಬೇತಿ ಶುರು ಮಾಡಿದವು. ಕಿರಿಯರು ಅನುಮಾನವನ್ನು ಬಾಯಿಬಿಟ್ಟು ಹೇಳಬೇಕು. ಕ್ಯಾಪ್ಟನ್ ಅದನ್ನು ಕಿವಿಗೆ ಹಾಕಿಕೊಳ್ಳಬೇಕು. ಎರಡೂ ಕಲಿಯಬೇಕಾದ ಕೆಲಸ ಎಂದು ಅವರು ಒಪ್ಪಿಕೊಂಡರು. ಇದು ಬಹಳ ದೊಡ್ಡ ಮಾತು. ಧೈರ್ಯ ಇದ್ದವರು ಹೇಳಲಿ, ವಿನಯ ಇದ್ದವರು ಕೇಳಲಿ ಎಂದು ಸ್ವಭಾವದ ಮೇಲೆ ಬಿಡಲಿಲ್ಲ.

1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ 232 ವಿಮಾನದ ಹಿಂಬದಿಯ ಎಂಜಿನ್ ಆಕಾಶದಲ್ಲೇ ಒಡೆಯಿತು. ವಿಮಾನವನ್ನು ತಿರುಗಿಸುವ, ಏರಿಸಿ ಇಳಿಸುವ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಯಿತು. ಇದಕ್ಕೆ ಪುಸ್ತಕದಲ್ಲಿ ಪರಿಹಾರವೇ ಇರಲಿಲ್ಲ. ಪ್ರಯಾಣಿಕರ ನಡುವೆ ಡೆನ್ನಿಸ್ ಫಿಚ್ ಎಂಬ ಪೈಲಟ್ ಬೋಧಕರಿದ್ದರು. ಅವತ್ತು ಅವರಿಗೆ ಡ್ಯೂಟಿ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಅವರನ್ನು ಕಾಕ್‌ಪಿಟ್‌ಗೆ ಕರೆಸಿಕೊಂಡು, ಉಳಿದ ಎರಡು ಎಂಜಿನ್‌ಗಳ ಥ್ರಾಟಲ್ ಅವರ ಕೈಗೆ ಕೊಟ್ಟರು. ನಾಲ್ಕೂ ಜನ ಮಾತಾಡುತ್ತ, ಒಬ್ಬರ ಸಲಹೆಯನ್ನು ಇನ್ನೊಬ್ಬರು ತೂಗುತ್ತ ವಿಮಾನವನ್ನು ಸೂ ಸಿಟಿಯ ರನ್‌ವೇವರೆಗೆ ತಂದರು. ನೆಲಕ್ಕೆ ತಾಗಿದಾಗ ಅದು ಒಡೆದು ಹೋಯಿತು. ಒಳಗಿದ್ದ 296 ಜನರಲ್ಲಿ 184 ಮಂದಿ ಬದುಕಿದರು. ಹೇನ್ಸ್ ಆಮೇಲೆ ಎಲ್ಲಿ ಮಾತಾಡಿದರೂ ಈ ತರಬೇತಿಯನ್ನೂ ಜೊತೆಯವರನ್ನೂ ನೆನೆಯುತ್ತಿದ್ದರು. ತನಗೆ ಗೊತ್ತಿಲ್ಲದಾಗ ಇನ್ನೊಬ್ಬರನ್ನು ಕರೆದು ಜಾಗ ಕೊಟ್ಟರಲ್ಲ, ನಾನು ನಾಯಕತ್ವ ಎನ್ನುವುದು ಅದನ್ನೇ.

ಈಗ ಒಬ್ಬರೇ ನಿಂತು ಬೇಡ ಎಂದವರ ವಿಷಯ. ಫ್ರಾನ್ಸಿಸ್ ಕೆಲ್ಸಿ 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಹೊಸದಾಗಿ ಸೇರಿದ್ದರು. ಮೊದಮೊದಲೇ ಅವರ ಮೇಜಿಗೆ ಬಂದ ಅರ್ಜಿ ಥಾಲಿಡೊಮೈಡ್ ಎಂಬ ಮಾತ್ರೆಯದು. ಬೇರೆ ದೇಶಗಳಲ್ಲಿ ಅದು ಆಗಲೇ ಮಾರಾಟದಲ್ಲಿತ್ತು. ಗರ್ಭಿಣಿಯರು ವಾಂತಿ, ವಾಕರಿಕೆಗೂ ತೆಗೆದುಕೊಳ್ಳುತ್ತಿದ್ದರು. ಆಗಿನ ಕಾನೂನಿನಂತೆ 60 ದಿನಗಳೊಳಗೆ ತಕರಾರು ಹೇಳದಿದ್ದರೆ ಕಂಪನಿ ಔಷಧವನ್ನು ಮಾರಬಹುದಿತ್ತು. ಸುಮ್ಮನಿದ್ದರೆ ಸಾಕಿತ್ತು, ಕಡತ ತಾನಾಗಿಯೇ ಪಾಸಾಗುತ್ತಿತ್ತು. ಕೆಲ್ಸಿ ಸುಮ್ಮನಿರಲಿಲ್ಲ. ಕೊಟ್ಟ ಮಾಹಿತಿ ಸಾಲದು ಎಂದು ಬರೆದು ವಾಪಸ್ ಕಳಿಸಿದರು. ಮತ್ತೆ ಬಂತು, ಮತ್ತೆ ಕಳಿಸಿದರು. ಕಂಪನಿಯವರು ಅವರ ಮೇಲಧಿಕಾರಿಗಳ ಬಳಿ ದೂರಿದರು. ಅವರು ಜಗ್ಗಲಿಲ್ಲ. 1961ರ ಕೊನೆಗೆ ಸತ್ಯ ಹೊರಬಿತ್ತು. ಆ ಮಾತ್ರೆಯಿಂದ ಜಗತ್ತಿನಾದ್ಯಂತ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. 1962ರಲ್ಲಿ ಅಧ್ಯಕ್ಷ ಕೆನಡಿ ಕೆಲ್ಸಿ ಅವರಿಗೆ ಪದಕ ಕೊಟ್ಟರು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಅದರ ಮುಂದಿನದು ಇನ್ನೂ ಇಷ್ಟ. ಹೊಗಳಿಕೆ ಬಂದಾಗ ಕೆಲ್ಸಿ, ನನ್ನ ಜೊತೆ ಕಡತ ಪರಿಶೀಲಿಸಿದ ಇಬ್ಬರು ಸಹೋದ್ಯೋಗಿಗಳಿಗೂ ನನ್ನ ಬೆನ್ನಿಗೆ ನಿಂತ ಮೇಲಧಿಕಾರಿಗಳಿಗೂ ಇದರಲ್ಲಿ ಪಾಲಿದೆ ಎಂದರು. ಆ ಮೇಲಧಿಕಾರಿಗಳ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಒಂದು ದಿನ ಅವರಲ್ಲಿ ಒಬ್ಬರು ಕೆಲ್ಸಿಯನ್ನು ಕರೆದು 'ಹೋಗಲಿ ಬಿಡಮ್ಮ, ಸಹಿ ಹಾಕು' ಎಂದುಬಿಟ್ಟಿದ್ದರೆ? ಇಲ್ಲಿ ಕುಳಿತಿರುವ ಹೆಚ್ಚಿನವರ ಪಾಲಿಗೆ ಬರುವುದು ಆ ಮೇಲಧಿಕಾರಿಗಳ ಪಾತ್ರ. ಕಂಪನಿಯವರು ಫೋನ್ ಮಾಡುತ್ತಾರೆ, ಪರಿಚಯದವರು ಒತ್ತಡ ಹಾಕುತ್ತಾರೆ. ಆಗ ಆ ಒತ್ತಡವನ್ನು ನಿಮ್ಮ ಕೈಕೆಳಗಿನವರ ಮೇಲೆ ಸುರಿಯುತ್ತೀರೋ, ನಿಮ್ಮಲ್ಲೇ ತಡೆದು ನಿಲ್ಲಿಸುತ್ತೀರೋ? ಪದಕವಂತೂ ಬರುವುದಿಲ್ಲ. ಆದರೂ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ನನಗೆ ಗೊತ್ತಿಲ್ಲ.

ನಿಮ್ಮ ವಿಭಾಗದಲ್ಲಿ ತಪ್ಪುಗಳೇ ವರದಿಯಾಗುತ್ತಿಲ್ಲ ಎಂದರೆ ಖುಷಿಪಡಬೇಡಿ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ನಾಯಕತ್ವ ಇರುವ ನರ್ಸ್‌ಗಳ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ. ಒಳಹೊಕ್ಕು ನೋಡಿದಾಗ ಕಾರಣ ಗೊತ್ತಾಯಿತು. ಆ ತಂಡಗಳಲ್ಲಿ ನರ್ಸ್‌ಗಳು ತಪ್ಪಾದರೆ ಬಂದು ಹೇಳುತ್ತಿದ್ದರು. ಹೆದರಿಕೆ ಇದ್ದ ಕಡೆ ತಪ್ಪು ಮುಚ್ಚಿಹೋಗುತ್ತಿತ್ತು, ಪುಸ್ತಕ ಮಾತ್ರ ಚೊಕ್ಕವಾಗಿ ಕಾಣುತ್ತಿತ್ತು.

ಇದೆಲ್ಲ ಮೆತ್ತಗಿನವರ ಮಾತು, ವ್ಯಾಪಾರದಲ್ಲಿ ನಡೆಯುವುದಿಲ್ಲ ಎಂದು ಕೆಲವರಿಗೆ ಅನಿಸುತ್ತಿರಬಹುದು. ಅವರು ಪಾಲ್ ಓನೀಲ್ ಏನು ಮಾಡಿದರು ಎಂದು ನೋಡಬೇಕು. 1987ರಲ್ಲಿ ಅವರು ಅಲ್ಕೋವಾ ಎಂಬ ದೊಡ್ಡ ಅಲ್ಯೂಮಿನಿಯಂ ಕಂಪನಿಯ ಮುಖ್ಯಸ್ಥರಾದರು. ಹೂಡಿಕೆದಾರರ ಎದುರು ಮೊದಲ ಸಲ ನಿಂತಾಗ ಅವರು ಒತ್ತಿ ಮಾತಾಡಿದ್ದು ಲಾಭದ ಮೇಲಲ್ಲ, ಕೆಲಸಗಾರರ ಸುರಕ್ಷತೆಯ ಮೇಲೆ. ಯಾವ ಘಟಕದಲ್ಲಿ ಯಾರಿಗೆ ಪೆಟ್ಟಾದರೂ 24 ಗಂಟೆಯೊಳಗೆ ತಮಗೆ ತಿಳಿಯಬೇಕು, ಅದು ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂಬ ಯೋಜನೆಯೂ ಜೊತೆಗೆ ಬರಬೇಕು ಎಂದು ನಿಯಮ ಮಾಡಿದರು. ಯೋಚಿಸಿ ನೋಡಿ. 24 ಗಂಟೆಯೊಳಗೆ ಮುಖ್ಯಸ್ಥರಿಗೆ ತಿಳಿಯಬೇಕಾದರೆ, ಯಂತ್ರದ ಪಕ್ಕದಲ್ಲಿ ನಿಂತವರಿಂದ ಹಿಡಿದು ಮೇಲಿನವರೆಗೆ ಎಲ್ಲರೂ ಒಬ್ಬರೊಡನೊಬ್ಬರು ಮಾತಾಡಲೇಬೇಕು. ಅವರು ಬಂದ ಕೆಲವೇ ತಿಂಗಳಲ್ಲಿ ಒಬ್ಬ ಯುವಕ ಯಂತ್ರ ಸರಿಮಾಡಲು ಹೋಗಿ ಸತ್ತ. ಅವನ ಅಜಾಗರೂಕತೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಓನೀಲ್ ಅಧಿಕಾರಿಗಳನ್ನು ಕೂರಿಸಿಕೊಂಡು, ಅವನನ್ನು ಕೊಂದವರು ನಾವು, ಇದು ನನ್ನ ನಾಯಕತ್ವದ ಸೋಲು ಎಂದರು.

ಅವರು ಮೆತ್ತಗಿನ ಮನುಷ್ಯರೂ ಆಗಿರಲಿಲ್ಲ. ಮೆಕ್ಸಿಕೋದ ಒಂದು ಘಟಕದಲ್ಲಿ ಅನಿಲದಿಂದ ಕೆಲಸಗಾರರು ಅಸ್ವಸ್ಥರಾಗಿದ್ದರು. ವಿಷಯ ಕೇಂದ್ರ ಕಚೇರಿಗೆ ಬರಲೇ ಇಲ್ಲ. 1996ರಲ್ಲಿ ಅದಕ್ಕೆ ಹೊಣೆಯಾದ ಹಿರಿಯ ಅಧಿಕಾರಿಯನ್ನು ಓನೀಲ್ ಮನೆಗೆ ಕಳಿಸಿದರು. ತಪ್ಪಾದರೆ ಸರಿಪಡಿಸೋಣ, ಮುಚ್ಚಿಟ್ಟರೆ ಮಾತ್ರ ಇಲ್ಲಿ ಜಾಗವಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಅವರ ಕಾಲದಲ್ಲಿ ಕಂಪನಿಯ ಲಾಭವೂ ಹೆಚ್ಚಿತು. ಲಾಭ ಹೆಚ್ಚದಿದ್ದರೂ ಅವರು ಮಾಡಿದ್ದು ಸರಿಯೇ ಆಗಿರುತ್ತಿತ್ತು, ಆ ಮಾತು ಬೇರೆ.

ನಾಳೆಯಿಂದ ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಾವು ಸಾಮಾನ್ಯವಾಗಿ ಕೇಳುವುದು 'ಎಲ್ಲಾ ಸರಿ ಇದೆ ಅಲ್ವಾ?' ಎಂದು. ಇದರಲ್ಲಿ ಉತ್ತರವೂ ಸೇರಿಕೊಂಡಿದೆ. ಇಲ್ಲ ಎನ್ನಲು ಎದುರಿನವರಿಗೆ ಎಂಟೆದೆ ಬೇಕು. ಅದರ ಬದಲು 'ಇದರಲ್ಲಿ ಎಲ್ಲಿ ತಪ್ಪಾಗಬಹುದು?' ಎಂದು ಕೇಳಿ. ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಸಭೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಲಿ, ನೀವು ಕೊನೆಗೆ ಮಾತಾಡಿ. ಮೇಲಿನವರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಅದಕ್ಕೆ ಹೂಂಗುಟ್ಟುವುದಷ್ಟೇ ಬಾಕಿ.

ಮನೆಯಲ್ಲೂ ಹೀಗೇ. ಮಗ ಪರೀಕ್ಷೆಯಲ್ಲಿ ಫೇಲಾದದ್ದು, ಮಗಳಿಗೆ ಯಾರೋ ತೊಂದರೆ ಕೊಡುತ್ತಿರುವುದು, ವಯಸ್ಸಾದ ಅಪ್ಪನಿಗೆ ಎದೆ ನೋವು ಬಂದದ್ದು, ಇವೆಲ್ಲ ನಿಮಗೆ ಯಾವಾಗ ಗೊತ್ತಾಗುತ್ತದೆ? ಮಕ್ಕಳು ಸುಳ್ಳು ಹೇಳುತ್ತಾರೆ ಎಂದು ಬೇಸರ ಮಾಡಿಕೊಳ್ಳುವವರು, ಕಳೆದ ಸಲ ನಿಜ ಹೇಳಿದಾಗ ಮನೆಯಲ್ಲಿ ಏನಾಯಿತು ಎಂದು ಒಮ್ಮೆ ನೆನಪಿಸಿಕೊಳ್ಳಲಿ.

ಕೊನೆಯದಾಗಿ, ಮೇಲಿನವರು ಕೇಳದೇ ಇದ್ದಾಗ ಏನು ಮಾಡಬೇಕು? ಇದು ಕಷ್ಟದ ಪ್ರಶ್ನೆ. 1986ರ ಜನವರಿ 27ರ ರಾತ್ರಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು, ಚಳಿ ಜಾಸ್ತಿ ಇದೆ, ರಬ್ಬರ್ ಸೀಲ್‌ಗಳು ಸರಿಯಾಗಿ ಮುಚ್ಚಿಕೊಳ್ಳಲಾರವು, ಹಾರಿಸಬೇಡಿ ಎಂದು ಫೋನಿನಲ್ಲಿ ನಾಸಾದವರಿಗೆ ಹೇಳಿದರು. ನಾಸಾದವರು ಒಪ್ಪಲಿಲ್ಲ. ಕಂಪನಿಯವರು ಐದು ನಿಮಿಷ ಬಿಡುವು ಕೇಳಿದರು, ಅದು ಅರ್ಧ ಗಂಟೆಯಾಯಿತು. ಅಷ್ಟರಲ್ಲಿ ಕಂಪನಿಯ ಮ್ಯಾನೇಜರ್‌ಗಳು ನಿಲುವು ಬದಲಿಸಿ ಒಪ್ಪಿಗೆ ಕೊಟ್ಟರು. ಉಡಾವಣೆಯ ಕೊನೆಯ ತೀರ್ಮಾನ ಮಾಡುವ ನಾಸಾದ ಹಿರಿಯರಿಗೆ ಈ ವಾದ ನಡೆದದ್ದೇ ಗೊತ್ತಾಗಲಿಲ್ಲ. ಮರುದಿನ ನೌಕೆ ಹಾರಿ 73 ಸೆಕೆಂಡಿಗೆ ಛಿದ್ರವಾಯಿತು. ಏಳು ಜನ ಸತ್ತರು.

ಆ ಕಂಪನಿಯ ಆಲನ್ ಮೆಕ್‌ಡೊನಾಲ್ಡ್ ಉಡಾವಣೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರಲಿಲ್ಲ. ಅವರ ಬದಲು ಮೇಲಧಿಕಾರಿ ಹಾಕಿದರು. ತನಿಖಾ ಆಯೋಗದ ಮುಂದೆ ಮೆಕ್‌ಡೊನಾಲ್ಡ್ ನಡೆದದ್ದನ್ನು ಹೇಳಿದರು. ಅದಕ್ಕೆ ಅವರ ಹುದ್ದೆ ಕಿತ್ತುಕೊಂಡರು. ಸಂಸತ್ ಸದಸ್ಯರು ಮಧ್ಯೆ ಬಂದ ಮೇಲೆ ವಾಪಸ್ ಕೊಟ್ಟು, ಬೂಸ್ಟರ್‌ನ ಕೀಲುಗಳನ್ನು ಹೊಸದಾಗಿ ವಿನ್ಯಾಸ ಮಾಡುವ ಕೆಲಸವನ್ನು ಅವರಿಗೇ ಒಪ್ಪಿಸಿದರು. ಅವರ ಸಹೋದ್ಯೋಗಿ ರೋಜರ್ ಬೋಜೋಲಿ 1985ರಲ್ಲೇ ಈ ಅಪಾಯದ ಬಗ್ಗೆ ಬರವಣಿಗೆಯಲ್ಲಿ ಎಚ್ಚರಿಸಿದ್ದರು. ಅವರಿಗೆ ಅಷ್ಟು ಒಳ್ಳೆಯದಾಗಲಿಲ್ಲ. ಜೊತೆಯವರು ದೂರವಿಟ್ಟರು, ಮನಸ್ಸು ಕುಗ್ಗಿತು, ಕೆಲಸ ಬಿಟ್ಟರು. ಸಾಕ್ಷಿ ಹೇಳಿ ಬಂದ ದಿನ ಆಯೋಗದಲ್ಲಿದ್ದ ಗಗನಯಾತ್ರಿ ಸ್ಯಾಲಿ ರೈಡ್ ಅವರನ್ನು ಅಪ್ಪಿಕೊಂಡರಂತೆ. ಹಾಗೆ ಮಾಡಿದವರು ಅವರೊಬ್ಬರೇ ಎಂದು ಬೋಜೋಲಿ ಆಮೇಲೆ ಹೇಳಿದ್ದರು.

ನಿಜ ಹೇಳಿದರೆ ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ನಾನು ನಿಮಗೆ ಹೇಳಲಾರೆ. ಹೇಳುವುದಾದರೆ ಬರವಣಿಗೆಯಲ್ಲಿ ಹೇಳಿ, ದಿನಾಂಕ ಹಾಕಿ, ಒಬ್ಬರಾದರೂ ಜೊತೆಗಿರುವಂತೆ ನೋಡಿಕೊಳ್ಳಿ. ಒಪ್ಪದ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ಕಚೇರಿಯಲ್ಲಿ ಈಗಾಗಲೇ ಯಾರಾದರೂ ಹೀಗೆ ಮಾತಾಡಿ ಒಂಟಿಯಾಗಿದ್ದರೆ, ನಾಳೆ ಬೆಳಗ್ಗೆ ಅವರ ಹತ್ತಿರ ಹೋಗಿ ಮಾತಾಡಿಸಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ನಾನು ಇಷ್ಟು ಹೊತ್ತು ಮಾತಾಡಿದೆ. ಈಗ ನಿಮ್ಮ ಸರದಿ. ನನ್ನ ಮಾತಿನಲ್ಲಿ ಒಪ್ಪಿಗೆಯಾಗದ್ದು ಏನಾದರೂ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಹಿಂದಿನ ಸಾಲಿನಲ್ಲಿರುವ ಕಿರಿಯರು ಮೊದಲು ಕೇಳಿ.