ಸುಣ್ಣಕಲ್ಲಿನ ಇಳಿಜಾರಿನ ಒಂಟಿ ಗಿಡ

ಕೇಳುಗರಿಗೆ ನಮಸ್ಕಾರ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್ ಎಂಬ ಸುಣ್ಣಕಲ್ಲಿನ ಗುಡ್ಡಗಾಡಿನಲ್ಲಿ ಬೆಳೆಯುವ ಲೇಡೀಸ್ ಸ್ಲಿಪರ್ ಆರ್ಕಿಡ್ ಎಂಬ ಅಪರೂಪದ ಹೂವನ್ನು ಕುರಿತು ಈ ಹೊತ್ತು ಮಾತನಾಡುತ್ತೇನೆ. ನಮ್ಮ ಮಲೆನಾಡಿನ ಮರಗಳಲ್ಲಿ ಇಳಿಬೀಳುವ ಸೀತಾಳೆ ದಂಡೆಯೂ ಇದೇ ಕುಟುಂಬದ್ದು. ಆದರೆ ಇದು ನೆಲದಲ್ಲಿ ಬೇರೂರುವ ಗಿಡ. ಕಂದುಗೆಂಪಿನ, ತುಸು ತಿರುಚಿಕೊಂಡ ಎಸಳುಗಳ ನಡುವೆ ಪಾದರಕ್ಷೆಯ ಆಕಾರದ ಹಳದಿ ಚೀಲವೊಂದಿರುತ್ತದೆ. ಅದರೊಳಗೆ ಜಾರಿಬಿದ್ದ ಪುಟ್ಟ ಜೇನುನೊಣ ಬಂದ ದಾರಿಯಲ್ಲಿ ಮರಳಲಾರದೆ, ಹಿಂಬದಿಯ ಇಕ್ಕಟ್ಟಾದ ಕಿಂಡಿಯಲ್ಲಿ ನುಸುಳುವಾಗ ಮೊದಲು ಶಲಾಕಾಗ್ರಕ್ಕೂ, ಅಂದರೆ ಪರಾಗವನ್ನು ಸ್ವೀಕರಿಸುವ ಹೂವಿನ ಭಾಗಕ್ಕೂ, ಆಮೇಲೆ ಪರಾಗಕ್ಕೂ ಮೈಯುಜ್ಜಿಕೊಂಡೇ ಹೊರಬೀಳಬೇಕು. ಇಷ್ಟೆಲ್ಲ ಪಾಡುಪಟ್ಟರೂ ಅದಕ್ಕೆ ತೊಟ್ಟು ಮಕರಂದವೂ ದಕ್ಕುವುದಿಲ್ಲ.

ಚೆಲುವೇ ಈ ಗಿಡಕ್ಕೆ ಮುಳುವಾಯಿತು. ತೋಟದ ಶೋಕಿಯವರೂ ಸಂಗ್ರಾಹಕರೂ ಬೇರುಸಹಿತ ಕಿತ್ತೊಯ್ದು, 1917ರ ವೇಳೆಗೆ ಅದು ಬ್ರಿಟನ್ನಿನಲ್ಲಿ ಅಳಿದೇಹೋಯಿತೆಂದು ಸಾರಲಾಯಿತು. 1930ರಲ್ಲಿ ಡೇಲ್ಸ್‌ನಲ್ಲಿ ಒಂದೇ ಒಂದು ಗಿಡ ಕಣ್ಣಿಗೆ ಬಿತ್ತು. ಆ ಜಾಗವನ್ನು ದಶಕಗಳ ಕಾಲ ಗುಟ್ಟಾಗಿಡಲಾಯಿತು. ಹೂಬಿಡುವ ದಿನಗಳಲ್ಲಿ ಕಾವಲುಗಾರರನ್ನೂ ನಿಲ್ಲಿಸಲಾಯಿತು.

ಗುಟ್ಟಿನಿಂದ ಗಿಡ ಉಳಿದೀತು, ಸಂತತಿ ಬೆಳೆಯದು. ಅದರ ಬೀಜ ಧೂಳಿನಷ್ಟು ಸಣ್ಣದು. ಒಳಗೆ ಆಹಾರದ ದಾಸ್ತಾನಿಲ್ಲದ ಕಾರಣ, ಮಣ್ಣಿನಲ್ಲಿ ತಕ್ಕ ಶಿಲೀಂಧ್ರದ ನೆರವು ಸಿಕ್ಕರೆ ಮಾತ್ರ ಮೊಳೆಯುತ್ತದೆ. 1983ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಆರಂಭವಾದ ಯೋಜನೆಯ ವಿಜ್ಞಾನಿಗಳು, ಕೈಯಿಂದಲೇ ಪರಾಗಸ್ಪರ್ಶ ಮಾಡಿಸಿದ ಹೂಗಳ ಎಳೆಯ ಕಾಯಿಗಳಿಂದ ಬೀಜ ತೆಗೆದು, ಪ್ರಯೋಗಾಲಯದ ಪೋಷಕ ಮಾಧ್ಯಮದಲ್ಲಿ ಸಸಿ ಮಾಡುವುದನ್ನು ಬಹಳ ಪ್ರಯಾಸದಿಂದ ಸಾಧಿಸಿದರು. ಆ ಸಸಿಗಳನ್ನು ಮತ್ತೆ ಸುಣ್ಣಕಲ್ಲಿನ ನೆಲಕ್ಕೆ ಒಯ್ದು ನೆಡಲಾಯಿತು. ಬಸವನಹುಳುಗಳೂ ಚಿಪ್ಪಿಲ್ಲದ ಸಿಂಬಳದ ಹುಳುಗಳೂ ಎಳೆಯ ಚಿಗುರನ್ನು ರಾತ್ರೋರಾತ್ರಿ ಮೇಯುವುದರಿಂದ ಕಾವಲು ಇಲ್ಲಿಯೂ ತಪ್ಪಲಿಲ್ಲ. ನೆಟ್ಟ ಗಿಡವೊಂದು ಮೊದಲ ಬಾರಿಗೆ ಹೂಬಿಟ್ಟದ್ದು 2000ದಲ್ಲಿ.

ಲ್ಯಾಂಕಶೈರಿನ ಗೇಟ್ ಬ್ಯಾರೋಸ್ ಮೀಸಲು ನಿಸರ್ಗತಾಣದ ಸುಣ್ಣಕಲ್ಲಿನ ಹಾಸುಬಂಡೆಗಳ ನಡುವೆಯೂ ಗಿಡಗಳನ್ನು ನೆಟ್ಟು, ಅಲ್ಲಿಗೆ ಜನರನ್ನು ಬಿಟ್ಟದ್ದು ನನ್ನ ದೃಷ್ಟಿಯಲ್ಲಿ ಜಾಣತನ: ನೋಡುವ ಆಸೆ ಒಂದೆಡೆ ತೀರಿದರೆ, ಬಚ್ಚಿಟ್ಟ ತಾಣಗಳನ್ನು ಅರಸುತ್ತ ಅಲೆಯುವವರು ಕಡಿಮೆಯಾಗುತ್ತಾರೆ.

2024ರಲ್ಲಿ, ಯಾರೂ ನೆಡದೆ ತಾನಾಗಿಯೇ ಹುಟ್ಟಿದ ಸಸಿಯೊಂದು ಪತ್ತೆಯಾಯಿತೆಂಬ ಸುದ್ದಿ ಬಂತು. ಆ ಸಸಿ ಹುಟ್ಟಿದ ಮಣ್ಣಿನಲ್ಲಿ ಬೇಕಾದ ಶಿಲೀಂಧ್ರವಿದೆ ಎಂಬುದಕ್ಕೆ ಅದೊಂದು ಪುರಾವೆ. ನೆಟ್ಟ ನೂರು ಗಿಡಗಳೂ ಕೊಡಲಾರದ ಪುರಾವೆ. ನಮಸ್ಕಾರ.